ಗುಂಡಿ ಹಾಕಲೂ ಆಗದ ಬೆರಳುಗಳು

ಮಾನ್ಯ ಸಂಪಾದಕರೇ,

ಸ್ತನ ಕ್ಯಾನ್ಸರ್ ಎಂದರೆ ಗಡ್ಡೆ, ಆಪರೇಷನ್, ಕೀಮೋ ಇಷ್ಟೇ ಮಾತು. ಚಿಕಿತ್ಸೆ ನಡೆಯುವಾಗಿನ ನೋವನ್ನು ಯಾರು ಕೇಳುತ್ತಾರೆ?

ಅಮೆರಿಕದಲ್ಲಿ ಮಗಳ ಮನೆಯಲ್ಲಿದ್ದಾಗ ಪಕ್ಕದ ಮನೆಯ ಕಪ್ಪು ಮಹಿಳೆಯೊಬ್ಬರಿಗೆ ಸ್ತನ ಕ್ಯಾನ್ಸರ್‌ಗೆ ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಕೀಮೋ ಔಷಧ ಕೊಡುತ್ತಿದ್ದರು. ಬೆರಳು ಜೋಮು ಹಿಡಿದು ಅಂಗಿಯ ಗುಂಡಿ ಹಾಕಲೂ ಆಗುತ್ತಿರಲಿಲ್ಲ, ದಿನಾ ಬೆಳಿಗ್ಗೆ ನನ್ನ ಮಗಳೇ ಹೋಗಿ ಹಾಕಿ ಬರುತ್ತಿದ್ದಳು. ಆಸ್ಪತ್ರೆಯಲ್ಲಿ ಎರಡು ಸಲ ಹೇಳಿದರೂ ಇದೆಲ್ಲ ಮಾಮೂಲಿ ಎಂದು ಕಳಿಸಿದರಂತೆ. ನನಗೆ ಹೊಟ್ಟೆ ಉರಿಯಿತು.

ಈ ಔಷಧದಿಂದ ನರಗಳಿಗೆ ಆಗುವ ತೊಂದರೆ ಕಪ್ಪು ಮಹಿಳೆಯರಲ್ಲೇ ಜಾಸ್ತಿ ಎನ್ನುವುದು ವೈದ್ಯರಿಗೆ ಗೊತ್ತಿರುವ ವಿಷಯ. ಹಾಗಾದರೆ ಅವರನ್ನೇ ಮೊದಲು ವಿಚಾರಿಸಬೇಕು ಅಲ್ವಾ? ಡೋಸ್ ಕಡಿಮೆ ಮಾಡುವುದೋ, ಔಷಧ ಬದಲಿಸುವುದೋ ಸಮಯಕ್ಕೆ ಆಗದಿದ್ದರೆ ಜೋಮು ವರ್ಷಗಟ್ಟಲೆ ಉಳಿಯಬಹುದು, ಸಾಕಪ್ಪಾ ಸಾಕು ಎಂದು ಚಿಕಿತ್ಸೆಯನ್ನೇ ಅರ್ಧಕ್ಕೆ ಬಿಡುವವರೂ ಇದ್ದಾರೆ. ಅಲ್ಲಿ ಬಿಳಿಯರಿಗಿಂತ ಕಪ್ಪು ಮಹಿಳೆಯರಿಗೆ ಈ ಕ್ಯಾನ್ಸರ್ ಬರುವುದು ಸ್ವಲ್ಪ ಕಡಿಮೆಯೇ, ಆದರೆ ಸಾವಿನ ಪ್ರಮಾಣ ಸುಮಾರು 40% ಹೆಚ್ಚು. ತಡವಾದ ಪತ್ತೆ, ವಿಮೆ, ಹೀಗೆ ಕಾರಣ ಹಲವು ಇವೆ. ನೋವನ್ನು ನಂಬದಿರುವುದು ಇನ್ನೊಂದು ಅನ್ಯಾಯ. 2016ರಲ್ಲಿ ವರ್ಜೀನಿಯಾ ವಿಶ್ವವಿದ್ಯಾಲಯದವರು ಬಿಳಿಯ ವೈದ್ಯ ವಿದ್ಯಾರ್ಥಿಗಳನ್ನು ಕೇಳಿ ನೋಡಿದರು. ಕಪ್ಪು ಜನರ ಚರ್ಮ ದಪ್ಪ ಎನ್ನುವಂಥ ಸುಳ್ಳುಗಳಲ್ಲಿ ಒಂದನ್ನಾದರೂ ನಂಬಿದವರು ಹೆಚ್ಚುಕಡಿಮೆ ಅರ್ಧದಷ್ಟಿದ್ದರು!

ನಮ್ಮ ಎಷ್ಟೋ ಮಕ್ಕಳು ಅಲ್ಲಿ ಡಾಕ್ಟರ್, ನರ್ಸ್ ಆಗಿದ್ದಾರೆ. ನಿಮ್ಮನ್ನೇ ಕೇಳಿಕೊಳ್ಳುತ್ತೇನೆ. ಸುಮ್ನೆ ಹೇಗಿದ್ದೀರಿ ಎನ್ನಬೇಡಿ. ಗುಂಡಿ ಹಾಕಿಕೊಳ್ಳಲು ಆಗುತ್ತಿದೆಯಾ ಎಂದು ಕೇಳಿ, ಅವರು ಹೇಳಿದ್ದನ್ನು ಬರೆದುಕೊಳ್ಳಿ.

– ಓದುಗಿ, ಮೈಸೂರು