ಪುಟ್ಟಿ, ನೀನು ಕೇಳಿಸಿದ ಆ 28 ನಿಮಿಷ

ಪುಟ್ಟಿ,

ಹಬ್ಬಕ್ಕೆ ಬಂದವಳು ಹೊರಡುವಾಗ ನನ್ನ ಫೋನಿಗೆ ಇಂಗ್ಲೆಂಡಿನ ಹಾಡುಗಾರ ನಿಕ್ ಡ್ರೇಕ್‌ನ ‘ಪಿಂಕ್ ಮೂನ್’ ಆಲ್ಬಮ್ ಹಾಕಿಕೊಟ್ಟು ಹೋದೆಯಲ್ಲ. ‘ಅಮ್ಮ, ಪೂರ್ತಿ ಕೇಳು, ನಡುವೆ ಎದ್ದು ಹೋಗಬೇಡ’ ಅಂದಿದ್ದೆ. ಕೇಳಿದೆ. ಒಂದು ಸಲ ಅಲ್ಲ, ಈ ವಾರ ದಿನಾ ಕೇಳಿದ್ದೇನೆ. ರಾತ್ರಿ ಪಾತ್ರೆ ತೊಳೆದು, ಹಾಲಿಗೆ ಹೆಪ್ಪು ಹಾಕಿ, ದೀಪ ಆರಿಸಿ ಕೂರುತ್ತೇನೆ. 11 ಹಾಡು, 28 ನಿಮಿಷ.

ಮೊದಲ ದಿನ ಏನೋ ಕಮ್ಮಿ ಅನ್ನಿಸಿತು. ಒಂದು ಗಿಟಾರು, ಒಂದು ದನಿ, ಅಷ್ಟೇ. ಮೊದಲ ಹಾಡಿನ ನಡುವೆ ಸ್ವಲ್ಪ ಪಿಯಾನೋ ಬರುತ್ತದಲ್ಲ, ಮತ್ತೆ ಬಂದೀತು ಅಂತ ಕಾದೆ. ಆಲ್ಬಮ್ ಮುಗಿದರೂ ಬರಲಿಲ್ಲ. ಹಿಂದಿನ ಎರಡು ಆಲ್ಬಮ್‌ಗಳಲ್ಲಿ ಅವನ ಜೊತೆ ಪಿಟೀಲುಗಳ ಮೇಳವೇ ಇತ್ತು. ಇದಕ್ಕೆ ಯಾರೂ ಬೇಡ ಅಂದುಬಿಟ್ಟ. 1971ರ ಅಕ್ಟೋಬರ್‌ನಲ್ಲಿ ಲಂಡನ್ನಿನ ಸೌಂಡ್ ಟೆಕ್ನಿಕ್ಸ್ ಸ್ಟುಡಿಯೋದಲ್ಲಿ ಎರಡೇ ರಾತ್ರಿ. ಜೊತೆಗಿದ್ದದ್ದು ಎಂಜಿನಿಯರ್ ಜಾನ್ ವುಡ್ ಮಾತ್ರ. ಮೂರನೇ ದಿನದ ಹೊತ್ತಿಗೆ ನನಗೂ ಬೇರೇನೂ ಬೇಡ ಅನ್ನಿಸಿತು. ಬೆರಳು ತಂತಿಗೆ ತಾಗುವ ಸದ್ದು ಅಷ್ಟು ಹತ್ತಿರ ಕೇಳುತ್ತದೆ, ಪಕ್ಕದ ಕುರ್ಚಿಯಲ್ಲಿ ಕೂತು ನುಡಿಸಿದ ಹಾಗೆ.

ಶ್ರುತಿಯ ವಿಷಯ ನೀನು ಹೇಳಿದ್ದು ನನಗೆ ಬಹಳ ಹಿಡಿಸಿತು. ಎಲ್ಲರ ಹಾಗೆ ಗಿಟಾರಿಗೆ ಒಂದೇ ಶ್ರುತಿ ಇಟ್ಟುಕೊಳ್ಳದೆ, ಹಾಡಿಗೆ ತಕ್ಕ ಹಾಗೆ ತಂತಿಗಳ ಶ್ರುತಿ ಬದಲಿಸುತ್ತಿದ್ದ ಅಲ್ವಾ? ವೀಣೆ ಕಲಿಯುವಾಗ ಬಿರಡೆ ತಿರುಗಿಸಿ ಶ್ರುತಿ ಸೇರಿಸುವಷ್ಟರಲ್ಲೇ ನನ್ನ ಅರ್ಧ ಪಾಠ ಮುಗಿಯುತ್ತಿತ್ತು. ಅವನು ವೇದಿಕೆಯ ಮೇಲೆ ಹಾಡು ಹಾಡಿನ ನಡುವೆ ಅದನ್ನೇ ಮಾಡುತ್ತಿದ್ದನಂತೆ. ಒಂದು ಮಾತಿಲ್ಲ, ತಲೆ ತಗ್ಗಿಸಿ ತಂತಿ ಬಿಗಿಯುತ್ತಾ. ಅಷ್ಟರಲ್ಲಿ ಕೂತ ಜನ ತಮ್ಮ ತಮ್ಮಲ್ಲೇ ಮಾತಿಗಿಳಿಯುತ್ತಿದ್ದರು. ಕೊನೆಗೆ ಅವನು ವೇದಿಕೆ ಹತ್ತುವುದನ್ನೇ ಬಿಟ್ಟ. ಇದನ್ನು ಓದಿದಾಗ ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು ಕಣೇ.

1972ರ ಫೆಬ್ರವರಿಯಲ್ಲಿ ಆಲ್ಬಮ್ ಬಂತು. ಆಗ 5000 ಪ್ರತಿಯೂ ಹೋಗಲಿಲ್ಲ. ಅವನು ಅಪ್ಪ ಅಮ್ಮನ ಮನೆ ಫಾರ್ ಲೇಸ್‌ಗೆ ಬಂದುಬಿಟ್ಟಿದ್ದ. ವಾರ್ವಿಕ್‌ಶೈರ್‌ನ ಟಾನ್‌ವರ್ತ್ ಇನ್ ಆರ್ಡನ್ ಅನ್ನುವ ಹಳ್ಳಿಯ ಮನೆ. ಅವನ ಅಮ್ಮ ಮೋಲಿ ಕೂಡ ಪಿಯಾನೋ ನುಡಿಸುತ್ತಾ ತಾವೇ ಕಟ್ಟಿದ ಹಾಡು ಹಾಡುತ್ತಿದ್ದವರು, ಹೊರಗೆ ಯಾರಿಗೂ ಗೊತ್ತಿರಲಿಲ್ಲ. ಅಪ್ಪ ರಾಡ್ನಿ ಮಗನ ಒಳ್ಳೆಯ ದಿನ, ಕೆಟ್ಟ ದಿನ ಎಲ್ಲವನ್ನೂ ಡೈರಿಯಲ್ಲಿ ಬರೆದಿಟ್ಟರು. ಮನೆ ಇಷ್ಟವಿಲ್ಲ, ಆದರೆ ಬೇರೆಲ್ಲೂ ಇರಲಾರೆ ಅಂತ ಮಗ ಹೇಳಿದ್ದನ್ನು ಮೋಲಿ ಮುಂದೆ ನೆನಪಿಸಿಕೊಂಡರು. ಆ ಮಾತಿಗೆ ತಾಯಿ ಏನು ಹೇಳಿರಬಹುದು ಅಂತ ನಾನು ಸುಮಾರು ಹೊತ್ತು ಯೋಚಿಸಿದೆ. ನನಗೂ ಏನೂ ಹೊಳೆಯಲಿಲ್ಲ.

1974ರ ನವೆಂಬರ್ 25ರಂದು ಅದೇ ಮನೆಯಲ್ಲಿ ಹೋಗಿಬಿಟ್ಟ. 26 ವರ್ಷ. ನಿನ್ನ ಅಣ್ಣನಿಗಿಂತ ಚಿಕ್ಕವನು.

ಆಮೇಲೆ ಒಬ್ಬೊಬ್ಬರೇ ಅಭಿಮಾನಿಗಳು ಆ ಮನೆ ಹುಡುಕಿಕೊಂಡು ಬರತೊಡಗಿದರು. ಮೋಲಿ, ರಾಡ್ನಿ ಯಾರನ್ನೂ ಬಾಗಿಲಲ್ಲಿ ನಿಲ್ಲಿಸಲಿಲ್ಲ. ಒಳಗೆ ಕರೆದರು, ಮಗನ ಕೋಣೆ ತೋರಿಸಿದರು, ಅವನು ಮನೆಯಲ್ಲಿ ಹಾಡಿಟ್ಟಿದ್ದ ಟೇಪುಗಳ ಪ್ರತಿ ಮಾಡಿ ಕೊಟ್ಟರು. 1999ರಲ್ಲಿ ಅಮೆರಿಕದಲ್ಲಿ ಒಂದು ಕಾರಿನ ಜಾಹೀರಾತಿಗೆ ಈ ಆಲ್ಬಮ್ಮಿನ ಮೊದಲ ಹಾಡು ಬಳಸಿದ ಮೇಲೆ ಲೋಕಕ್ಕೆಲ್ಲ ಗೊತ್ತಾಯಿತು. ಅಷ್ಟರಲ್ಲಿ ಅಪ್ಪ ಅಮ್ಮ ಇಬ್ಬರೂ ಇರಲಿಲ್ಲ.

ಈ ಆಲ್ಬಮ್ ಬರೀ ಸಾಯುವವನ ಹಾಡು ಅನ್ನುವವರ ಮಾತು ನಂಬಬೇಡ. ಕೊನೆಯ ಹಾಡು, ‘ಫ್ರಮ್ ದ ಮಾರ್ನಿಂಗ್’ ಕೇಳು. ಬೆಳಗಾಗುತ್ತದೆ ಅದರಲ್ಲಿ. ಗಿಟಾರು ಹಗುರಾಗಿ ಹೆಜ್ಜೆ ಹಾಕುತ್ತದೆ. ಈಗ ನಾವು ಏಳುತ್ತೇವೆ, ಎಲ್ಲೆಲ್ಲೂ ಇದ್ದೇವೆ ಅನ್ನುವ ಅದರ ಸಾಲನ್ನೇ ಅವನ ಸಮಾಧಿಯ ಕಲ್ಲಿನ ಮೇಲೆ ಕೆತ್ತಿಸಿದ್ದಾರೆ.

ನೀನು ಫೋನ್ ಮಾಡಿ ಒಮ್ಮೊಮ್ಮೆ ಏನೂ ಮಾತಾಡುವುದಿಲ್ಲ. ‘ಮತ್ತೆ?’ ಅಂತ ನಾನು ಕೆದಕುತ್ತೇನೆ. ಇನ್ನು ಕೆದಕುವುದಿಲ್ಲ. ಸುಮ್ನೆ ಇರಬೇಕು ಅನ್ನಿಸಿದರೂ ಫೋನ್ ಮಾಡು, ನಾನೂ ಸುಮ್ನೆ ಕೂತಿರುತ್ತೇನೆ.

ಅಟ್ಟದ ಮೇಲಿದ್ದ ನಿನ್ನ ಹಳೇ ಗಿಟಾರು ಇಳಿಸಿ ಒರೆಸಿದೆ. ಎರಡು ತಂತಿ ತುಕ್ಕು ಹಿಡಿದಿವೆ. ಯಾವ ತಂತಿ ತರಬೇಕು ಅಂತ ಬರೆದು ಕಳಿಸು. ಮುಂದಿನ ಸಲ ಬಂದಾಗ ಆ ಬೆಳಗಿನ ಹಾಡು ನುಡಿಸುವಿಯಂತೆ.

ನಿನ್ನ
ಅಮ್ಮ