ಶಿಡ್ಲಘಟ್ಟದ ರೀಲರುಗಳಿಗೆ

ಮೊನ್ನೆ ವೈವಾ ಮುಗಿಯಿತು. ಆರು ವರ್ಷದ ಪಿಎಚ್‌ಡಿ ಕೆಲಸ ದಡ ಸೇರಿತು. ಫೋನ್ ಮಾಡಿ ಹಾರೈಸಿದ ಎಲ್ಲರಿಗೂ ಥ್ಯಾಂಕ್ಸ್. ಆದರೆ ಇದನ್ನು ಬರೆಯುತ್ತಿರುವುದು ಮುಖ್ಯವಾಗಿ ರೇಷ್ಮೆ ಗೂಡಿನಿಂದ ನೂಲು ತೆಗೆಯುವ ಶಿಡ್ಲಘಟ್ಟದ ರೀಲರುಗಳಿಗೆ.

2011ರ ಕೇಂದ್ರ ಬಜೆಟ್‌ನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕ ಶೇ 30ರಿಂದ ಶೇ 5ಕ್ಕೆ ಇಳಿಯಿತು. ಚೀನಾ ನೂಲು ಅಗ್ಗವಾಯಿತು, ಇಲ್ಲಿ ಗೂಡಿನ ದರ ಬಿತ್ತು. ಆಗ ನಾನು ಹೈಸ್ಕೂಲು. ಚಿಂತಾಮಣಿ ಕಡೆ ನಮ್ಮೂರು. ಗೂಡು ಮಾರಿ ಬಂದ ಅಪ್ಪ ಹಿಪ್ಪುನೇರಳೆ ತೋಟದ ಬದುವಿನ ಮೇಲೆ ಸುಮ್ನೆ ಕೂತಿದ್ದು ಇನ್ನೂ ಕಣ್ಣಿಗೆ ಕಟ್ಟಿದೆ. ಹೊರಗಿನ ಸರಕು ಅಗ್ಗವಾಗಿ ಬಂದಾಗ ಇಲ್ಲಿನ ಸಣ್ಣ ಉದ್ದಿಮೆಗಳು ಏನಾಗುತ್ತವೆ? ನನ್ನ ಪ್ರಶ್ನೆ ಹುಟ್ಟಿದ್ದು ಅಲ್ಲೇ.

ವ್ಯಾಪಾರ ತೆರೆದುಕೊಂಡಾಗ ಉತ್ಪಾದಕತೆ ಕಡಿಮೆ ಇರುವ ಕಂಪನಿಗಳು ಮುಚ್ಚುತ್ತವೆ, ಚುರುಕಾದವು ಬೆಳೆಯುತ್ತವೆ ಎಂದು ಅರ್ಥಶಾಸ್ತ್ರಜ್ಞ ಮಾರ್ಕ್ ಮೆಲಿಟ್ಜ್ 2003ರಲ್ಲಿ ತೋರಿಸಿದ್ದರು. ಅದನ್ನೇ ತಲೆಯಲ್ಲಿಟ್ಟುಕೊಂಡು ಘಟಕಗಳ ಪಟ್ಟಿ ಹಿಡಿದು ಶಿಡ್ಲಘಟ್ಟಕ್ಕೆ ಬಂದೆ. ಯಾವ ಘಟಕ ಮುಚ್ಚಿದೆ, ಯಾವುದು ಉಳಿದಿದೆ? ಹಿರಿಯ ರೀಲರ್ ಚಾಚಾ ಒಬ್ಬರು ಪಟ್ಟಿ ನೋಡಿ, "ಮುಚ್ಚಿಲ್ಲಮ್ಮ. ಎಂಟು ಬೇಸಿನ್ ಇತ್ತು, ಈಗ ಎರಡು. ಕೂಲಿಯವರು ಹೋದರು, ಮನೆಯವರೇ ಕೂತಿದ್ದೀವಿ" ಅಂದರು. ಬೇಸಿನ್ ಅಂದರೆ ಗೂಡಿನ ಎಳೆ ತೆಗೆಯುವ ಬಿಸಿನೀರಿನ ತೊಟ್ಟಿ. ಅವತ್ತು ರಾತ್ರಿಯೇ ಪ್ರಶ್ನಾವಳಿ ಹೊಸದಾಗಿ ಬರೆದೆ.

ಇನ್ನೊಂದು ದಿನ ಅವರೇ ಎರಡು ಎಳೆ ನನ್ನ ಅಂಗೈ ಮೇಲಿಟ್ಟರು. ಚೀನಾದ್ದು ಒಂದೇ ಸಮ, ಮಗ್ಗದಲ್ಲಿ ಬೇಗ ಹರಿಯಲ್ಲ, ಹಾಗಾಗಿ ಹಾಸಿನ (ಉದ್ದದ) ನೂಲಿಗೆ. ನಮ್ಮ ಮಿಶ್ರತಳಿ ಗೂಡಿನದು ಹೊಕ್ಕಿನ (ಅಡ್ಡದ) ನೂಲಿಗೆ. ಒಂದೇ ಸೀರೆಯಲ್ಲಿ ಎರಡೂ ಇರಬಹುದು ಅಲ್ವಾ! ಮೂರನೇ ಅಧ್ಯಾಯ ಪೂರ್ತಿ ನಿಂತಿರುವುದು ಇದರ ಮೇಲೆ.

ಬೇಸಿನ್ ಮುಂದೆ ಕೂರುವ ಅಕ್ಕಂದಿರಿಗೆ ಹೇಗೆ ಥ್ಯಾಂಕ್ಸ್ ಹೇಳಲಿ? ಬಿಸಿನೀರಲ್ಲಿ ಎಳೆ ಹುಡುಕುತ್ತಲೇ ಉತ್ತರ ಕೊಟ್ಟರು. ಎಳೆ ಹರಿದರೆ ಮಾತು ನಿಲ್ಲುತ್ತಿತ್ತು. ಗಂಟು ಹಾಕಿ, ಬಿಟ್ಟಲ್ಲಿಂದಲೇ ಮತ್ತೆ ಶುರು. ಬೆರಳ ತುದಿಗಳು ನೆಂದು ಬೆಳ್ಳಗೆ ಸುಕ್ಕುಗಟ್ಟಿರುತ್ತಿದ್ದವು. ಆ ಕೈಗಳಿಂದಲೇ ನನಗೆ ದಿನಾ ಟೀ.

ಫೆಲೋಶಿಪ್ ಏಳು ತಿಂಗಳು ಬಾರದಿದ್ದಾಗ ಅಮ್ಮ ಗೂಡಿನ ದುಡ್ಡಲ್ಲಿ ಹಾಸ್ಟೆಲ್ ಫೀಸು ಕಟ್ಟಿದಳು. ಬಿಟ್ಟುಬಿಡ್ತೀನಿ ಅಂದಾಗ ಗೈಡ್ ಮೇಡಂ ಬಸ್ಸು ಹತ್ತಿ ಶಿಡ್ಲಘಟ್ಟಕ್ಕೇ ಬಂದು, ಒಂದು ದಿನ ಪೂರ್ತಿ ನನ್ನ ಜೊತೆ ಮನೆಮನೆ ಸುತ್ತಿದರು. ಇಬ್ಬರ ಋಣವೂ ದೊಡ್ಡದು.

ಭಾನುವಾರ ಬರುತ್ತಿದ್ದೇನೆ. ಪ್ರಬಂಧ ಇಂಗ್ಲಿಷಿನಲ್ಲಿದೆ, ಮುಖ್ಯ ವಿಷಯವನ್ನು ಎಂಟು ಪುಟ ಕನ್ನಡದಲ್ಲಿ ಬರೆದಿದ್ದೇನೆ. ಚಾಚಾ, ಓದಿಸಿ ಕೇಳಿ. ತಪ್ಪಿದ್ದರೆ ಅಲ್ಲೇ ತಿದ್ದಿಕೊಳ್ಳುತ್ತೇನೆ.