ಪಾಠಕ್ಕೆ ಬೇಕಾದ ವಿಡಿಯೊ ಮನೆಯಲ್ಲೇ ಇಳಿಸಿಕೊಂಡು ಬನ್ನಿ

ಗುರುಬಳಗಕ್ಕೆ ಶರಣು. ನಮ್ಮ ಸುರಪುರ ತಾಲ್ಲೂಕಿನ ಹಳ್ಳಿಗಳಲ್ಲಿ ನೆಟ್‌ವರ್ಕ್ ನಂಬಿ ಪಾಠಕ್ಕೆ ನಿಲ್ಲಬೇಡಿ. ಪಠ್ಯಪುಸ್ತಕದ ಕ್ಯೂಆರ್ ಕೋಡನ್ನು ಹಿಂದಿನ ರಾತ್ರಿಯೇ ಸರ್ಕಾರದ ಕಲಿಕಾ ಆ್ಯಪ್ ಆದ ದೀಕ್ಷಾ ಆ್ಯಪ್‌ನಲ್ಲಿ ಸ್ಕ್ಯಾನ್ ಮಾಡಿ, ವಿಡಿಯೊ ಇಳಿಸಿಕೊಳ್ಳಿ. ನೀವು ಪೂರ್ತಿ ನೋಡದೆ ಮಕ್ಕಳಿಗೆ ತೋರಿಸಬೇಡಿ.

ವಿದ್ಯುತ್ ಪಾಠಕ್ಕೆ ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದ ಫೆಟ್ (PhET) ಎಂಬ, ಕಂಪ್ಯೂಟರ್ ಪರದೆಯ ಮೇಲೆಯೇ ಮಾಡಿ ನೋಡುವ ಪ್ರಯೋಗಗಳಿವೆ. ಉಚಿತ, ಕನ್ನಡದಲ್ಲೂ ಸಿಗುತ್ತವೆ, ಇಳಿಸಿಕೊಂಡರೆ ನೆಟ್ ಇಲ್ಲದೆಯೂ ನಡೆಯುತ್ತವೆ. ಮೊನ್ನೆ ಏಳನೆಯ ತರಗತಿಯಲ್ಲಿ ಪರದೆಯ ಮೇಲೆ ತಂತಿ ಜೋಡಿಸಿ ಸ್ವಿಚ್ ಒತ್ತಿದೆವು. ನೀಲಿ ಚುಕ್ಕಿಗಳಾಗಿ ಎಲೆಕ್ಟ್ರಾನುಗಳು ಹರಿದವು. ಹಿಂದಿನ ಸಾಲಿನ ಹುಡುಗಿ ಎದ್ದು ಬಂದು, "ಸರ್, ಬಲ್ಬಿನಲ್ಲಿ ಇವು ಖರ್ಚಾಗುವುದಿಲ್ಲವೇ?" ಎಂದಳು. ಇಷ್ಟು ವರ್ಷ ಕರಿಹಲಗೆಯ ಮೇಲೆ ಚಿತ್ರ ಬರೆದಾಗ ಯಾರೂ ಕೇಳಿರದ ಪ್ರಶ್ನೆ ಅದು! ಬಳಿಕ ನಿಜವಾದ ಬ್ಯಾಟರಿ, ಬಲ್ಬು ಕೈಗೆ ಕೊಟ್ಟೆ. ಅದನ್ನು ಮಾತ್ರ ಬಿಡಬೇಡಿ.

ಬಳಸಿ ನೋಡಿದ್ದನ್ನು ತರಗತಿ, ಪಾಠದ ಹೆಸರಿನೊಂದಿಗೆ ಇಲ್ಲಿ ಹಾಕಿ. ಬರೀ ಲಿಂಕ್ ಬೇಡ.